ಬಜಪೆಯ ಐವತ್ತು ವರ್ಷದ ಲೆಕ್ಕ ನಮಗೂ ತಿಳಿಯಲಿ

ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ತಾಯಿಗೂ ವಿಮಾನ ನಿಲ್ದಾಣಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಅಂಥವರು ಕಾರ್ಕಳದ ಯಾವುದಾದರೊಂದು ಓಣಿಯಲ್ಲಿ ನಿಂತು, ಗಲ್ಫಿಗೆ ಹೋದ ಮಗನೋ ಅಳಿಯನೋ ಇಲ್ಲದ ಮನೆ ಎಷ್ಟಿದೆಯೆಂದು ವಿಚಾರಿಸಲಿ. ಕಾಪುವಿನ ಬಳಿಯ ಶಂಕರಪುರದ ಕಟ್ಟೆಗೆ ಹೋಗಿ, ಬೆಳಿಗ್ಗೆ ಕೊಯ್ದ ಮಲ್ಲಿಗೆ ಬಾಡುವ ಮೊದಲು ಮುಂಬಯಿಗೆ ತಲುಪುವುದು ಹೇಗೆಂದು ಕೇಳಲಿ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದವರಿಗೆಲ್ಲ ಬಜಪೆಯೇ ಗತಿ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಅದು ಪ್ರಾರಂಭವಾಯಿತು. ಸುಮಾರು 1,600 ಮೀಟರಿನ ಒಂದೇ ರನ್‌ವೇ. ಅದರಲ್ಲೇ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. 2,450 ಮೀಟರಿನ ಹೊಸ ರನ್‌ವೇ ಬಂದದ್ದು 2006ರಲ್ಲಿ. ಅದೇ ವರ್ಷ ದುಬೈಗೆ ನೇರ ವಿಮಾನವೂ ಹೊರಟಿತು. 2020ರ ಅಕ್ಟೋಬರ್ 31ರಿಂದ ನಿಲ್ದಾಣ ಅದಾನಿ ಕಂಪೆನಿಯ ಕೈಯಲ್ಲಿದೆ. ಗುತ್ತಿಗೆ 50 ವರ್ಷದ್ದು. ಅಂದರೆ ಇಂದು ಹಾಕುವ ಯೋಜನೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಲ್ಲುತ್ತದೆ.

ಈ ಯೋಜನೆಯ ಹಣ ಯಾರದು? ಕಂಪೆನಿ ಹರಾಜಿನಲ್ಲಿ ಒಪ್ಪಿದ್ದು ಸರಕಾರದ ಪ್ರಾಧಿಕಾರಕ್ಕೆ ಪ್ರಯಾಣಿಕನೊಬ್ಬನಿಗೆ 115 ರೂಪಾಯಿ. ಕಟ್ಟಡಕ್ಕೆ ಹಾಕಿದ ಬಂಡವಾಳವನ್ನೋ, ವಿಮಾನಗಳ ಮೇಲಿನ ದರದ ಜೊತೆಗೆ, ಬಳಕೆದಾರರ ಅಭಿವೃದ್ಧಿ ಶುಲ್ಕವೆಂದು ಟಿಕೇಟಿನಲ್ಲೇ ಸೇರಿಸಿ ವಸೂಲು ಮಾಡಲಾಗುತ್ತದೆ. ಈ ದರವನ್ನು ಐದೈದು ವರ್ಷಕ್ಕೆ ಲೆಕ್ಕಹಾಕಿ ಗೊತ್ತುಮಾಡುವುದು ದಿಲ್ಲಿಯ ನಿಯಂತ್ರಣ ಪ್ರಾಧಿಕಾರ. ಅದು ಅಭಿಪ್ರಾಯ ಕೇಳುತ್ತದೆ, ನಿಜ. ಆದರೆ ಇಂಗ್ಲಿಷಿನ ದಪ್ಪ ಕಡತದಲ್ಲಿ. ಮರುಭೂಮಿಯಲ್ಲಿ ಬೆವರು ಸುರಿಸಿ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಹುಡುಗ ಅದನ್ನು ಓದುವುದು ಯಾವಾಗ? ಹಣ ಕೊಡುವವನು ಅವನು, ಮಾತನಾಡುವವರು ಬೇರೆ.

ಜನರ ಮಾತನ್ನು ಕೇಳದೆ ಹೋದ ಕಥೆ ಬಜಪೆಗೆ ಹೊಸತಲ್ಲ. ಗುಡ್ಡದ ತುದಿಯಲ್ಲಿ, ಎರಡೂ ಕಡೆ ಕಣಿವೆಯಿರುವಲ್ಲಿ ಹೊಸ ರನ್‌ವೇ ಅಪಾಯಕರವೆಂದು ಸ್ಥಳೀಯರು 1990ರ ದಶಕದಲ್ಲೇ ನ್ಯಾಯಾಲಯದ ಮೆಟ್ಟಿಲೇರಿದ್ದರು. ಅವರ ವಾದ ನಿಲ್ಲಲಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ತೀರಿಕೊಂಡರು, ಉಳಿದವರು ಎಂಟೇ ಜನ. ಸರಿಯಾಗಿ ಕೂಡದ ಇಳಿತವನ್ನು ಕ್ಯಾಪ್ಟನ್ ಕೈಬಿಡದಿದ್ದದ್ದೇ ಮುಖ್ಯ ಕಾರಣವೆಂದು ತನಿಖೆ ಹೇಳಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಯಲಿನಲ್ಲಿ ತಪ್ಪು ಮಾಡಿದವನಿಗೆ ಸಿಗುವ ಅವಕಾಶ ಗುಡ್ಡದ ತುದಿಯಲ್ಲಿ ಸಿಗುವುದಿಲ್ಲ.

ಅಭಿವೃದ್ಧಿಗೆ ನಾವು ವಿರೋಧಿಗಳಲ್ಲ. ನಮ್ಮ ಬೇಡಿಕೆ ಇಷ್ಟೇ. ಮುಂದಿನ ಯೋಜನೆ, ಅದರ ಖರ್ಚು, ಬೇಕಾಗುವ ಜಮೀನು, ಏರುವ ಶುಲ್ಕ ಎಲ್ಲವೂ ಕನ್ನಡದಲ್ಲಿ ಪ್ರಕಟವಾಗಲಿ. ಮಂಗಳೂರಿನಲ್ಲಿ ಮಾತ್ರವಲ್ಲ, ಉಡುಪಿ, ಕಾಪು, ಕಾರ್ಕಳದಲ್ಲೂ ಬಹಿರಂಗ ಸಭೆ ಸೇರಲಿ. ರನ್‌ವೇಯ ತುದಿಗಳ ಸುರಕ್ಷತೆಗೆ ಮೊದಲ ಹಣ. ಗಾಜಿನ ಗೋಡೆ, ಅಂಗಡಿ ಸಾಲು ಆಮೇಲೆ. ಹೂವಿಗೂ ಮೀನಿಗೂ ತಂಪಿನ ಉಗ್ರಾಣವಿರಲಿ. ಸಣ್ಣ ವ್ಯಾಪಾರಿಯ ಒಂದು ಬುಟ್ಟಿಗೂ ಅಲ್ಲಿ ಜಾಗ ಸಿಗಲಿ. ಕಾರ್ಕಳದವನು ಮೂಡುಬಿದಿರೆ ದಾಟಿ, ಉಡುಪಿಯವನು ಮೂಲ್ಕಿ ದಾಟಿ ಹೋಗಬೇಕು. ಅಪರಾತ್ರಿಯ ವಿಮಾನಕ್ಕೂ ಬಾಡಿಗೆ ಕಾರಿಗೆ ಕೈಯೊಡ್ಡದಂತೆ ಬಸ್ಸಿರಲಿ. ಜಮೀನು ಕೊಟ್ಟವರ ಮಕ್ಕಳಿಗೆ ಖಾಯಂ ಕೆಲಸ ಸಿಗಲಿ.

ಅಂಗಡಿಯವನು ವರ್ಷದ ಕೊನೆಗೆ ಪಾಲುದಾರನ ಮುಂದೆ ಖಾತೆ ಪುಸ್ತಕ ಬಿಚ್ಚಿಡುತ್ತಾನೆ. ಬಜಪೆಯಲ್ಲಿ ನಾವೂ ಪಾಲುದಾರರು. ನಮ್ಮೆದುರೂ ಪುಸ್ತಕ ಬಿಚ್ಚಲಿ.