ಮುದ್ರೆಯಿಲ್ಲದ ತಕ್ಕಡಿ

ಉಪ್ಪಳದ ನಮ್ಮ ದಿನಸಿ ಅಂಗಡಿಯ ತಕ್ಕಡಿಗೆ ವರ್ಷಕ್ಕೊಮ್ಮೆ ಸರಕಾರಿ ಮುದ್ರೆ ಹಾಕಿಸಬೇಕು, ತಪ್ಪಿದರೆ ದಂಡ. ಕಳೆದ ವರ್ಷ ಮಾವನ ಮಗ ದುಬೈಯಿಂದ ತಂದುಕೊಟ್ಟ ಸ್ಮಾರ್ಟ್ ತಕ್ಕಡಿಗೆ ಯಾವ ಮುದ್ರೆಯೂ ಇಲ್ಲ. ಆದರೂ ಅದು ಹೇಳಿದ್ದನ್ನು ಮನೆಮಂದಿಯೆಲ್ಲ ನಂಬಿದರು. ನನ್ನ ದೇಹದಲ್ಲಿ ಕೊಬ್ಬು ಶೇ. 19 ಅಂತೆ, ತಂಗಿಯದು ಶೇ. 29. "ಇಚ್ಚಾ, ನಿನಗಿಂತ ಹತ್ತು ಹೆಚ್ಚು!" ಎಂದು ನಕ್ಕವಳು ಮರುದಿನದಿಂದ ರಾತ್ರಿಯೂಟ ಬಿಟ್ಟಳು. ನಾನು ಇದನ್ನು ಬರೆಯಲು ಕೂತದ್ದು ಅದಕ್ಕೇ.

ಆ ಯಂತ್ರ ಕೊಬ್ಬನ್ನು ತೂಗುವುದೇ ಇಲ್ಲ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟು ಹರಿಸಿ, ಎಷ್ಟು ತಡೆ ಸಿಕ್ಕಿತು ಎಂದು ನೋಡುತ್ತದೆ. ನೀರು ತುಂಬಿದ ಸ್ನಾಯುವಿನಲ್ಲಿ ಕರೆಂಟು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ಹೋಗುವುದಿಲ್ಲ. ಉಳಿದದ್ದೆಲ್ಲ ಎತ್ತರ, ತೂಕ, ವಯಸ್ಸು, ಗಂಡೋ ಹೆಣ್ಣೋ ಎಂದು ನಾವೇ ತುಂಬಿಸಿದ ವಿವರದಿಂದ ಹಾಕಿದ ಅಂದಾಜು. ಡಿಪ್ಲೊಮಾದಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟ ದಿನ ಮೇಷ್ಟ್ರು ಮೊದಲು ಕೇಳಿದ್ದು, "ಝೀರೋ ಎರರ್ ಎಷ್ಟು?" ಈ ತಕ್ಕಡಿಗೆ ಆ ಪ್ರಶ್ನೆ ಕೇಳುವವರಿಲ್ಲ. ರಂಜಾನಿನಲ್ಲಿ ಅಸರ್ ನಮಾಜು ಮುಗಿಸಿ ಹತ್ತಿದೆ, 22 ತೋರಿಸಿತು. ಬಾಯಾರಿದ ದೇಹವನ್ನು ಅದು ಕೊಬ್ಬಿದ ದೇಹ ಎಂದುಕೊಂಡಿತು! ಅದರ ಕರೆಂಟು ಕಾಲುಗಳಲ್ಲೇ ಹೆಚ್ಚು ಓಡಾಡುವುದರಿಂದ ಹೊಟ್ಟೆಯ ಸುದ್ದಿ ಅದಕ್ಕೆ ಸರಿಯಾಗಿ ಗೊತ್ತಾಗುವುದೂ ಇಲ್ಲ.

ನಮ್ಮ ಕಥೆ ಇರುವುದು ಹೊಟ್ಟೆಯಲ್ಲೇ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಕೈಕಾಲು ಸಣ್ಣ, ಒಳಗೆ ಕೊಬ್ಬು. ನನ್ನ ಉಪ್ಪನೂ ಹಾಗೆಯೇ, ಲುಂಗಿಯ ಮೇಲೆ ಒಂದಿಷ್ಟು ಹೊಟ್ಟೆ ಬಿಟ್ಟರೆ ಕಡ್ಡಿ. 51ಕ್ಕೆ ಶುಗರ್ ಬಂದಾಗ "ದಪ್ಪ ಇಲ್ಲದವರಿಗೆ ಹೇಗೆ ಬಂತು?" ಎಂದು ಊರವರಿಗೆಲ್ಲ ಆಶ್ಚರ್ಯ. ಕಣ್ಣು ಬಿದ್ದಿದೆ ಎಂದವರೂ ಇದ್ದರು.

ನನ್ನ ಅಭಿಪ್ರಾಯ ಇಷ್ಟು: ಮನೆಗೆ ಆ ತಕ್ಕಡಿ ಬೇಡ, ಉಮ್ಮನ ಹೊಲಿಗೆ ಪೆಟ್ಟಿಗೆಯ ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ನಮಗೇ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಎಚ್ಚರ ಎಂದು ವೈದ್ಯರು ಹೇಳುತ್ತಾರೆ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎನ್ನುವುದು ಇನ್ನೊಂದು ಲೆಕ್ಕ. ನಾನು 170 ಸೆಂ.ಮೀ. ಎತ್ತರ, 66 ಕಿಲೋ. ಬಿಎಂಐ 23ರೊಳಗೇ ಇದೆ. ಸೊಂಟ 94! ತಂಗಿಯದು 74. ಹೆಣ್ಣಿನ ದೇಹದಲ್ಲಿ ಕೊಬ್ಬು ಹೆಚ್ಚಿರುವುದು ಸಹಜ, ಅವಳ 29ನ್ನು ನನ್ನ 19ರ ಪಕ್ಕ ಇಡುವುದೇ ತಪ್ಪು. ಊಟ ಬಿಡಬೇಕಾಗಿದ್ದವಳು ಅವಳಲ್ಲ.

ಜಿಮ್ಮಿಗೆ ಹೋಗುವ ತಮ್ಮಂದಿರು ಶೇಕಡಾ ಬೇಕೇ ಬೇಕು ಎಂದರೆ ಯಂತ್ರ ಬದಲಿಸದೆ, ಬೆಳಿಗ್ಗೆ ಎದ್ದ ಹೊತ್ತಿಗೇ ನೋಡಿ, ತಿಂಗಳಿಂದ ತಿಂಗಳಿಗೆ ಏರಿತೋ ಇಳಿಯಿತೋ ಅಷ್ಟನ್ನು ಗಮನಿಸಲಿ. ಒಂದು ದಿನದ ಅಂಕಿಗೆ ಜಗಳ ಬೇಡ.

ಉಪ್ಪನ ಸೊಂಟಕ್ಕೆ ಟೇಪು ಹಿಡಿದಾಗ "ಕಫನಿಗೆ ಅಳತೆ ತೆಗೆಯುತ್ತಿದ್ದೀಯಾ?" ಎಂದು ಗದರಿದರು. ಮೂರನೇ ದಿನ ಅಂಗಡಿ ಮುಚ್ಚಿ ಬಂದವರು ತಾವೇ ಅಂಗಿ ಎತ್ತಿ ನಿಂತರು. 96.