ಮೈಕಿಗೆ ಬಾಗಿಲಿಲ್ಲದ ಧ್ವನಿಮುದ್ರಕ

ಧ್ವನಿಮುದ್ರಕವೆಂದು ಹೆಸರು ಹೊತ್ತ ಯಂತ್ರಗಳೆಲ್ಲವೂ ನಮ್ಮ ಧ್ವನಿಯನ್ನು ಕೇಳಿಸಿಕೊಳ್ಳುವುದಿಲ್ಲ. ಮಾತು ವಿಚಿತ್ರವಾಗಿ ತೋರಬಹುದು; ಆದರೆ ಎರಡು ದಶಕಗಳ ಹಿಂದೆ ಜೇಬಿನಲ್ಲಿ ಹಿಡಿಯುವಂಥ ಮಿನಿಡಿಸ್ಕ್ ಮುದ್ರಕವನ್ನು ಕೊಂಡ ಅನೇಕರಿಗೆ ಇದರ ಅರ್ಥ ಗೊತ್ತು. ಮಿನಿಡಿಸ್ಕ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಮುಂದೆ ಬಂದ ಅದರ ಕೆಲವು ಅಗ್ಗದ ಮಾದರಿಗಳಲ್ಲಿ ಶಬ್ದ ಒಳಬರಲು ‘ಲೈನ್ ಇನ್’ ಎಂಬ ಒಂದೇ ಕಿಂಡಿ ಇತ್ತು. ಮೈಕಿಗೆಂದು ಬೇರೆ ಕಿಂಡಿ ಇರಲಿಲ್ಲ. ರೇಡಿಯೊ, ಕ್ಯಾಸೆಟ್, ಸಿ.ಡಿ.ಗಳಿಂದ ಹಾಡನ್ನು ನಕಲು ಮಾಡಿಕೊಳ್ಳಬಹುದಿತ್ತು. ಮನೆಯ ಹಿರಿಯರ ಮಾತನ್ನು ಹಿಡಿದಿಡುವುದು ಮಾತ್ರ ಯಂತ್ರದ ಉದ್ದೇಶದಲ್ಲಿಯೇ ಇರಲಿಲ್ಲ. ಅನ್ಯರ ಹಾಡಿಗೆ ಬಾಗಿಲು ತೆರೆದು ಮನೆಯವರ ದನಿಗೆ ಅಗುಳಿ ಹಾಕಿದಂತೆ!

ಆದರೂ ಆ ಅಗುಳಿ ತೆಗೆಯಲಾಗದ್ದಲ್ಲ. ಯಂತ್ರದ ಕೊರತೆಯನ್ನು ಸ್ವಲ್ಪ ಭೌತಶಾಸ್ತ್ರ ಮತ್ತು ಸ್ವಲ್ಪ ಹಣದಿಂದ ನೀಗಿಸಬಹುದು. ಒಳ್ಳೆಯ ಯಂತ್ರ ಬರಲೆಂದು ಕಾಯುತ್ತ ಕಳೆದ ಕಾಲವನ್ನು ಯಾವುದರಿಂದಲೂ ನೀಗಿಸಲಾಗದು ಎಂಬುದು ನನ್ನ ಅಭಿಪ್ರಾಯ.

ಮೊದಲು ಭೌತಶಾಸ್ತ್ರವನ್ನು ನೋಡೋಣ. ತಂತಿಯ ಸುರುಳಿಯೊಳಗೆ ದಂಡಕಾಂತವನ್ನು ಆಡಿಸಿದಾಗ ಗ್ಯಾಲ್ವನೋಮೀಟರಿನ ಮುಳ್ಳು ಅಲುಗಿದ್ದನ್ನು ನನ್ನ ತರಗತಿಯಲ್ಲಿ ಕುಳಿತವರೆಲ್ಲ ಕಂಡಿದ್ದೀರಿ. ಡೈನಮಿಕ್ ಮೈಕಿನಲ್ಲಿ ನಡೆಯುವುದೂ ಅದೇ. ಮಾತಿನ ಒತ್ತಡಕ್ಕೆ ತೆಳುವಾದ ಪೊರೆ ಕಂಪಿಸುತ್ತದೆ, ಅದಕ್ಕೆ ಅಂಟಿದ ಸುರುಳಿ ಕಾಂತಕ್ಷೇತ್ರದಲ್ಲಿ ಆಡುತ್ತದೆ, ವಿದ್ಯುತ್ತು ಹುಟ್ಟುತ್ತದೆ. ಆದರೆ ಅದು ಅತ್ಯಲ್ಪ. ಸಾಮಾನ್ಯ ಮಾತಿಗೆ ಒಂದು ಮಿಲಿವೋಲ್ಟ್‌ಗಿಂತಲೂ ಕಡಿಮೆ. ‘ಲೈನ್ ಇನ್’ ಕಿಂಡಿ ನಿರೀಕ್ಷಿಸುವುದಾದರೋ ಸುಮಾರು 0.3 ವೋಲ್ಟ್. ಹಲವು ನೂರರಿಂದ ಸಾವಿರ ಪಟ್ಟಿನವರೆಗಿನ ಅಂತರವಿದು. ಕಾಲುವೆಯ ನೀರಿಗೆ ತಿರುಗುವ ಚಕ್ರದ ಮೇಲೆ ಸೂರಿನ ಹನಿ ಬಿದ್ದರೆ ಅದು ತಿರುಗೀತೆ?

ಇನ್ನೊಂದು ಬಗೆಯ ಮೈಕು ಎಲೆಕ್ಟ್ರೆಟ್. ಇದನ್ನು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದರು. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕುಗಳಲ್ಲಿ ಬಹುಪಾಲು ಈ ಜಾತಿಯವೇ. ಇದರ ಹೊಟ್ಟೆಯೊಳಗಿನ ಟ್ರಾನ್ಸಿಸ್ಟರಿಗೆ ಕೆಲವು ವೋಲ್ಟುಗಳ ಆಹಾರ ಬೇಕು. ಮೈಕಿನ ಕಿಂಡಿಗಳಲ್ಲಿ ಅನೇಕವು ಅದನ್ನು ತಾವೇ ಒದಗಿಸುತ್ತವೆ. ‘ಲೈನ್ ಇನ್’ ಒದಗಿಸುವುದಿಲ್ಲ. ಆದ್ದರಿಂದ ಈ ಮೈಕಿಗೆ ಬ್ಯಾಟರಿಯನ್ನು ನಾವೇ ಕೊಡಬೇಕು.

‘ಮೈಕನ್ನು ಹಾಗೆಯೇ ಸಿಕ್ಕಿಸಿ, ಮುದ್ರಣದ ಮಟ್ಟವನ್ನು ಪೂರ್ತಿ ಏರಿಸಿದರೆ ಆಗದೆ?’ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಆಗದು. ಪ್ರತಿಯೊಂದು ಯಂತ್ರಕ್ಕೂ ತನ್ನದೇ ಆದ ‘ಸುಯ್’ ಎಂಬ ಸದ್ದು ಇದೆ. ಕ್ಷೀಣವಾದ ದನಿ ಆ ಸದ್ದಿನೊಡನೆ ಬೆರೆತ ಮೇಲೆ ಹಿಗ್ಗಿಸಿದರೆ ಎರಡೂ ಹಿಗ್ಗುತ್ತವೆ. ಹೊಟ್ಟು ಬೆರೆತ ರಾಶಿಯನ್ನು ಎಷ್ಟು ಕೊಳಗ ಅಳೆದರೂ ಕಾಳಿನ ಪಾಲು ಹೆಚ್ಚುವುದಿಲ್ಲ. ದನಿಯನ್ನು ಯಂತ್ರದೊಳಕ್ಕೆ ಬಿಡುವ ಮೊದಲೇ ಬಲಪಡಿಸಬೇಕು. ಆ ಕೆಲಸ ಮಾಡುವ ಸಾಧನವೇ ಪ್ರೀ-ಆಂಪ್ಲಿಫೈಯರ್, ಪೂರ್ವವರ್ಧಕ ಎನ್ನೋಣ.

ಇದು ಸಿದ್ಧವಾಗಿಯೂ ದೊರೆಯುತ್ತದೆ, ಮನೆಯಲ್ಲಿ ಮಾಡಿಕೊಳ್ಳಲೂಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಬೆಸುಗೆ ಹಾಕಿದರೆ ಒಂದು ಸಂಜೆಯ ಕೆಲಸ. ಒಂದೇ ಐ.ಸಿ.ಯಲ್ಲಿ ಎರಡು ವರ್ಧಕಗಳಿರುತ್ತವೆ. ಪ್ರತಿ ಹಂತಕ್ಕೂ 22 ಕಿಲೋಓಮ್ ಮತ್ತು 1 ಕಿಲೋಓಮ್ ರೋಧಕಗಳನ್ನು ಬಳಸಿದರೆ ಒಂದು ಹಂತದಲ್ಲಿ 23 ಪಟ್ಟು, ಎರಡೂ ಸೇರಿ 529 ಪಟ್ಟು ವೃದ್ಧಿ. 9 ವೋಲ್ಟಿನ ಬ್ಯಾಟರಿ ಸಾಕು. ಗೋಡೆಯ ಪ್ಲಗ್ಗಿನ ಅಡಾಪ್ಟರನ್ನು ದೂರವಿಡಿ, ಇಲ್ಲವಾದರೆ 50 ಹರ್ಟ್ಸಿನ ಗುಂಯ್‌ಗುಡುವಿಕೆ ಹಾಡಿಗೆ ಬೇಡದ ಶ್ರುತಿ ಹಿಡಿಯುತ್ತದೆ. ಎಲ್ಲವನ್ನೂ ತಗಡಿನ ಡಬ್ಬಿಯೊಂದರಲ್ಲಿಟ್ಟು, ಡಬ್ಬಿಯನ್ನು ಮಂಡಲದ ಭೂಮಿ ತಂತಿಗೆ ಸೇರಿಸಿದರೆ ಹೊರಗಿನ ಗದ್ದಲವೂ ತಡೆಯಲ್ಪಡುತ್ತದೆ.

ಬೆಸುಗೆ ಬಾರದವರಿಗೂ ದಾರಿಯಿದೆ. ಮೈಕಿನ ಕಿಂಡಿಯಿರುವ ಹಳೆಯ ಟೇಪ್ ರೆಕಾರ್ಡರ್ ಅಟ್ಟದಲ್ಲಿದ್ದರೆ ಇಳಿಸಿ. ಕ್ಯಾಸೆಟ್ ಹಾಕಿ, ‘ರೆಕಾರ್ಡ್’ ಮತ್ತು ‘ಪಾಸ್’ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಅನೇಕ ಯಂತ್ರಗಳಲ್ಲಿ ಮೈಕಿನ ದನಿ ಬಲಗೊಂಡು ಇಯರ್‌ಫೋನಿನ ಕಿಂಡಿಯಲ್ಲಿ ಕೇಳಿಸುತ್ತದೆ. ಅಲ್ಲಿಂದ ತಂತಿ ಎಳೆದು ಹೊಸ ಮುದ್ರಕದ ‘ಲೈನ್ ಇನ್’ಗೆ ಕೊಡಿ, ಅಷ್ಟೆ. ದೇವಸ್ಥಾನದ ಹರಿಕಥೆಯಾದರೆ ಮೈಕ್‌ಸೆಟ್‌ನವರ ಆಂಪ್ಲಿಫೈಯರಿನ ಹಿಂಬದಿಯ ‘ಲೈನ್ ಔಟ್’ನಿಂದ ಪಡೆಯಬಹುದು. ಒಂದು ಎಚ್ಚರಿಕೆ: ಸ್ಪೀಕರಿನ ತಂತಿಗಳನ್ನು ಮಾತ್ರ ಮುಟ್ಟಬೇಡಿ. ಅವುಗಳಲ್ಲಿ 70ರಿಂದ 100 ವೋಲ್ಟಿನವರೆಗೂ ಇರಬಹುದು. ಪುಟ್ಟ ಯಂತ್ರ ಕ್ಷಣದಲ್ಲಿ ಸುಟ್ಟುಹೋದೀತು.

ಇವೆಲ್ಲಕ್ಕಿಂತ ಅಗ್ಗದ ವರ್ಧಕ ಇನ್ನೊಂದಿದೆ, ಅದು ಸಾಮೀಪ್ಯ. ಬಯಲಿನಲ್ಲಿ ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ ಎಂಬ ನಿಯಮ ನಿಮಗೆ ನೆನಪಿರಬೇಕು. ಒಂದು ಮೀಟರ್ ದೂರದ ಮೈಕನ್ನು 25 ಸೆಂಟಿಮೀಟರಿಗೆ ತಂದರೆ ತೀವ್ರತೆ 16 ಪಟ್ಟಾಗುತ್ತದೆ, ಮೈಕಿನಲ್ಲಿ ಹುಟ್ಟುವ ವೋಲ್ಟೇಜು 4 ಪಟ್ಟಾಗುತ್ತದೆ. ಕೋಣೆಯೊಳಗೆ ಲೆಕ್ಕ ಇಷ್ಟು ನಿಖರವಾಗಿ ಬಾರದಿದ್ದರೂ ಲಾಭ ಮಾತ್ರ ಖಚಿತ. ಗೋಡೆಯ ಮಾರ್ದನಿಯೂ ಫ್ಯಾನಿನ ಸದ್ದೂ ಹಿಂದೆ ಸರಿಯುತ್ತವೆ. ಹಿರಿಯರ ಬಳಿ ಒಂದು ಮೊಳ ಹತ್ತಿರ ಕೂರುವುದಕ್ಕೆ ಖರ್ಚಿಲ್ಲ.

ನನ್ನ ಸೋದರತ್ತೆಯ ಹಾಡುಗಳು ಈಗ ಕುಟುಂಬದಲ್ಲಿ ಉಳಿದಿರುವುದು ಈ ದಾರಿಯಿಂದಲೇ. 2003ರಲ್ಲಿ ಭಾವಮೈದುನ ಸಿಂಗಾಪುರದಿಂದ ತಂದುಕೊಟ್ಟ ಮಿನಿಡಿಸ್ಕ್‌ಗೆ ಮೈಕಿನ ಕಿಂಡಿ ಇರಲಿಲ್ಲ. 2004ರ ದಸರಾ ರಜೆಯಲ್ಲಿ ತಗಡಿನ ಡಬ್ಬಿಯ ಪೂರ್ವವರ್ಧಕದೊಡನೆ ಅರಸೀಕೆರೆ ಕಡೆಯ ನಮ್ಮ ಹಳ್ಳಿಗೆ ಹೋದೆ. ಅತ್ತೆಗೆ ಆಗ ಎಂಬತ್ತೆರಡು. ‘ಅಲ್ಲಾ ಕಣಪ್ಪಾ, ಸುಮ್ಮನೆ ಕೂತ್ಕೊಂಡು ಹಾಡು ಅಂದ್ರೆ ಎಲ್ಲಿಂದ ಬರುತ್ತೆ? ಕೈಗೆ ಕೆಲಸ ಬೇಡವಾ?’ ಎಂದರು. ರಾಗಿಕಲ್ಲನ್ನು ತರಿಸಿದೆವು. ಕಲ್ಲಿನ ಅದುರು ನೆಲದಿಂದ ಮೈಕಿಗೆ ಹತ್ತದಂತೆ ದಿಂಬಿನ ಮೇಲೆ ಮೈಕಿಟ್ಟು, ಅವರ ಮುಖದ ಬಳಿಗೆ ಸರಿಸಿದೆ. ಮೋನೋ ಕ್ರಮದಲ್ಲಿ 80 ನಿಮಿಷದ ತಟ್ಟೆಗೆ 160 ನಿಮಿಷ ಹಿಡಿಯುತ್ತಿತ್ತು. ಕಲ್ಲು ತಿರುಗತೊಡಗಿದಂತೆ ಹಾಡೂ ತಿರುಗತೊಡಗಿತು. ಬೀಸುವ ಪದಗಳು, ಸೋಬಾನೆ, ನಡುನಡುವೆ ತಮ್ಮ ತವರಿನ ಸುದ್ದಿ. ನಾಲ್ಕು ದಿನಗಳಲ್ಲಿ ಐದು ತಟ್ಟೆ ತುಂಬಿದವು. ಅತ್ತೆ 2007ರಲ್ಲಿ ತೀರಿಕೊಂಡರು.

ಅದೇ ಬೀದಿಯಲ್ಲಿ ಅವರಿಗಿಂತಲೂ ಹೆಚ್ಚು ಪದ ಬಲ್ಲ ಇನ್ನೊಬ್ಬ ಅಜ್ಜಿ ಇದ್ದರು. ಅವರ ಮನೆಯಲ್ಲಿ ಯಂತ್ರಕ್ಕೂ ಕೊರತೆಯಿರಲಿಲ್ಲ, ಪ್ರೀತಿಗೂ ಕೊರತೆಯಿರಲಿಲ್ಲ. ‘ಮೊಮ್ಮಗ ಒಳ್ಳೆಯ ಮೆಷಿನ್ನು ತರುತ್ತಾನೆ, ಆಗ ಸರಿಯಾಗಿ ಮಾಡಿಸೋಣ’ ಎಂದು ಮನೆಯವರು ಹೇಳುತ್ತಿದ್ದರು. ಒಳ್ಳೆಯ ಮೆಷಿನ್ನು ಬಂತು. ಅಷ್ಟರಲ್ಲಿ ಅಜ್ಜಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು.

ಸಾಧನ ಪರಿಪೂರ್ಣವಾಗಲೆಂದು ಕಾಯದವರ ಉದಾಹರಣೆ ನಮ್ಮಲ್ಲಿಯೇ ಇದೆ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಪುಟ್ಟ ನಿಲಯದ್ದೇ. ದೇಶದ ಬಾನುಲಿಗೆ ಆ ಹೆಸರು ನಿಂತದ್ದು ಬಳಿಕ. ಅವರು ದೊಡ್ಡ ಕಟ್ಟಡಕ್ಕೆಂದು ಕಾದಿದ್ದರೆ ಮೈಸೂರಿನ ದನಿ ಅಂದು ಗಾಳಿಗೇರುತ್ತಿರಲಿಲ್ಲ.

‘ಸರ್, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಈ ಪುರಾಣ ಏಕೆ?’ ಎನ್ನುವಿರಿ. ಮೊಬೈಲಿಗೆ ತನ್ನದೇ ಮೈಕಿದೆ, ನಿಜ. ಅದನ್ನೇ ಬಳಸಿ, ಬೇಡವೆನ್ನಲಾರೆ. ಆದರೆ ಹೊರಗಿನ ಒಳ್ಳೆಯ ಮೈಕು ಸಿಕ್ಕಿಸಬೇಕೆಂದರೆ ಹಳೆಯ ಸಮಸ್ಯೆಯೇ ಹೊಸ ವೇಷದಲ್ಲಿ ಎದುರಾಗುತ್ತದೆ. 2016ರಿಂದೀಚೆಗೆ ಒಂದೊಂದಾಗಿ ಅನೇಕ ಮೊಬೈಲುಗಳು ದುಂಡು ಕಿಂಡಿಯನ್ನೇ ಕಳೆದುಕೊಂಡಿವೆ; ಪರಿವರ್ತಕದ ತುಂಡೊಂದನ್ನು ನಡುವೆ ಸೇರಿಸಬೇಕು. ಮೇಲಾಗಿ, ಮೊಬೈಲನ್ನು ಮೇಜಿನ ಆಚೆ ತುದಿಯಲ್ಲಿಟ್ಟು, ತಲೆಯ ಮೇಲೆ ಫ್ಯಾನು ತಿರುಗಿಸಿ ಅಜ್ಜನ ಮಾತನ್ನು ಮುದ್ರಿಸಿದರೆ ಉಳಿಯುವುದು ಫ್ಯಾನಿನ ಆತ್ಮಕಥೆ. ವಿಲೋಮ ವರ್ಗದ ನಿಯಮಕ್ಕೆ ಮೊಬೈಲೂ ಹೊರತಲ್ಲ.

ಮುದ್ರಿಸಿದ ಮೇಲೆ ಅದನ್ನು ಸಾಗಿಸುತ್ತಲೂ ಇರಬೇಕು. ನನ್ನ ಮಿನಿಡಿಸ್ಕ್‌ನಲ್ಲಿ ಮೈಕಿನಿಂದ ಮುದ್ರಿಸಿದ್ದನ್ನು ಕಂಪ್ಯೂಟರಿಗೆ ನೇರವಾಗಿ ವರ್ಗಾಯಿಸುವ ವ್ಯವಸ್ಥೆ ಇರಲಿಲ್ಲ; ಹಳೆಯ ತಟ್ಟೆಗಳಿಗೂ ಆ ಅನುಕೂಲ ಒದಗಿಸಿದ ಯಂತ್ರ ಬಂದದ್ದು 2006ರಲ್ಲಿ. ಹೀಗಾಗಿ ಹೆಡ್‌ಫೋನಿನ ಕಿಂಡಿಯಿಂದ ಕಂಪ್ಯೂಟರಿನ ‘ಲೈನ್ ಇನ್’ಗೆ ತಂತಿ ಎಳೆದು, ಎರಡೂವರೆ ಗಂಟೆಯ ತಟ್ಟೆಯನ್ನು ಎರಡೂವರೆ ಗಂಟೆ ನುಡಿಸಿಯೇ ಇಳಿಸಿಕೊಂಡೆ. ಮಿನಿಡಿಸ್ಕನ್ನು ಹುಟ್ಟುಹಾಕಿದ ಸಂಸ್ಥೆಯೇ ಅದರ ಯಂತ್ರಗಳ ಮಾರಾಟವನ್ನು 2013ರಲ್ಲಿ ಕೊನೆಗೊಳಿಸಿತು. 2025ರ ಫೆಬ್ರುವರಿಯಲ್ಲಿ ಖಾಲಿ ತಟ್ಟೆಗಳ ತಯಾರಿಕೆಯನ್ನೂ ನಿಲ್ಲಿಸಿತು. ಅತ್ತೆಯ ದನಿ ಈಗ ಮೂರು ಮನೆಗಳ ಮೂರು ಡಿಸ್ಕುಗಳಲ್ಲಿದೆ. ಒಂದು ಕೆಟ್ಟರೆ ಎರಡು ಉಳಿದಾವು.

ನನ್ನ ಬಂಧುಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಬರುವ ಭಾನುವಾರವೇ ಅವರ ಬಳಿ ಕುಳಿತುಕೊಳ್ಳಿ. ಕೈಯಲ್ಲಿ ಯಾವ ಯಂತ್ರವಿದೆಯೋ ಅದನ್ನೇ ಬಳಸಿ. ಕಿಂಡಿ ಇಲ್ಲದಿದ್ದರೆ ನಡುವೆ ಒಂದು ಡಬ್ಬಿ ಸೇರಿಸಿ. ಫ್ಯಾನು ನಿಲ್ಲಿಸಿ, ಮೈಕನ್ನು ಹತ್ತಿರ ಸರಿಸಿ, ಹಾಡು ಬಾರದವರಾದರೆ ಅವರ ಊರಿನ ಕೆರೆ ತುಂಬಿದ ವರ್ಷದ ಕಥೆ ಕೇಳಿ. ಡಬ್ಬಿ ಮಾಡಿಕೊಳ್ಳುವುದರಲ್ಲಿ ತೊಡಕಾದರೆ ನನಗೆ ತಿಳಿಸಿ. ಬೆಸುಗೆ ಕಡ್ಡಿ ಹಿಡಿಯುವಷ್ಟು ಕೈ ಇನ್ನೂ ಗಟ್ಟಿಯಾಗಿದೆ.