ತಕ್ಕಡಿ ಎಷ್ಟು ಮನೆಗೆ ಹೋಯಿತು?

ಮಕ್ಕಳೇ, ಲಕ್ಷ್ಮೇಶ್ವರದ ಏಳನೇ ತರಗತಿಯ ಹುಡುಗಿಯೊಬ್ಬಳು ಕಾರ್ಡು ಬರೆದಿದ್ದಾಳೆ: "ಒಬ್ಬ ರಸಾಯನ ವಿಜ್ಞಾನಿಯ ಸಂಶೋಧನೆಯನ್ನು ಸಾವಿರಾರು ಮಂದಿ ಉಲ್ಲೇಖಿಸಿದ್ದಾರೆ ಅಂತ ಪೇಪರಿನಲ್ಲಿ ಓದಿದೆ. ಉಲ್ಲೇಖ ಅಂದರೇನು? ಅದು ಹೆಚ್ಚಾದರೆ ಅವರು ದೊಡ್ಡವರೇ?"

ಶಿರಹಟ್ಟಿ ಸಂತೆಯಲ್ಲಿ ಒಬ್ಬರ ಬಳಿ ಸರಿಯಾದ ತಕ್ಕಡಿ ಇದೆ ಅನ್ನಿ. ಅಕ್ಕಪಕ್ಕದವರು ಅದನ್ನು ಎರವಲು ಒಯ್ಯುತ್ತಾರೆ, "ಇದು ಇಂಥವರ ತಕ್ಕಡಿ" ಎಂದೂ ಹೇಳುತ್ತಾರೆ. ಉಲ್ಲೇಖವೂ ಹಾಗೆಯೇ. ಒಬ್ಬರ ವಿಧಾನವನ್ನು ಬಳಸಿದ ಇನ್ನೊಬ್ಬ ವಿಜ್ಞಾನಿ, ತನ್ನ ಲೇಖನದ ಕೊನೆಯಲ್ಲಿ ಅವರ ಹೆಸರು ಬರೆಯಬೇಕು. ಅದೇ ಒಂದು ಉಲ್ಲೇಖ.

ಯಾವ ಪದಾರ್ಥದಲ್ಲಿ ಏನಿದೆ, ಎಷ್ಟಿದೆ ಎಂದು ಅಳೆಯುವವರು ವಿಶ್ಲೇಷಣಾ ರಸಾಯನ ವಿಜ್ಞಾನಿಗಳು. ಅವರ ಕೆಲಸವೇ ತಕ್ಕಡಿ ಮಾಡುವುದು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಟಿ. ನಂದಿಬೇವೂರ ಅವರು ಇಂಥ ಕೆಲಸ ಮಾಡಿದವರು. 2012ರಲ್ಲಿ ಅವರು, ನಾಗರಾಜ ಶೆಟ್ಟಿ ಮತ್ತು ಎಸ್.ಜೆ. ಮಾಲೋಡೆ ಸೇರಿ ಒಂದು ಲೇಖನ ಬರೆದರು. ಚಿಕನ್‌ಪಾಕ್ಸ್ ಬಂದಾಗ ವೈದ್ಯರು ಕೊಡುವ ಅಸೈಕ್ಲೋವಿರ್ ಔಷಧವನ್ನು ವಿದ್ಯುತ್ತಿನ ಸಹಾಯದಿಂದ ಪತ್ತೆ ಹಚ್ಚುವುದು ಅದರ ವಿಷಯ. ಇಂಗಾಲದ ಕಡ್ಡಿಯ ತುದಿಗೆ ಫುಲರೀನ್ ಎಂಬ, ಚೆಂಡಿನಂಥ ಇಂಗಾಲವನ್ನು ಲೇಪಿಸುತ್ತಾರೆ. ಔಷಧದ ಕಣಗಳು ಅಲ್ಲಿ ಎಲೆಕ್ಟ್ರಾನು ಕೊಟ್ಟಾಗ ಸಣ್ಣ ವಿದ್ಯುತ್ತು ಹರಿಯುತ್ತದೆ. ಔಷಧ ಹೆಚ್ಚಿದ್ದಷ್ಟೂ ವಿದ್ಯುತ್ತು ಹೆಚ್ಚು.

ಉಲ್ಲೇಖಗಳನ್ನು ಎಣಿಸಲು 2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಒಂದು ಲೆಕ್ಕ ಹೇಳಿಕೊಟ್ಟರು. ಅದರ ಹೆಸರು ಎಚ್-ಸೂಚ್ಯಂಕ. ಒಬ್ಬರ ಆರು ಲೇಖನಗಳಿಗೆ 20, 9, 5, 4, 2, 0 ಉಲ್ಲೇಖ ಬಂದಿವೆ ಎನ್ನೋಣ. ಕನಿಷ್ಠ 4 ಉಲ್ಲೇಖ ಪಡೆದ ಲೇಖನ 4 ಇವೆ. ಕನಿಷ್ಠ 5 ಪಡೆದವು 5 ಇಲ್ಲ. ಆದ್ದರಿಂದ ಸೂಚ್ಯಂಕ 4. ಒಂದೇ ಲೇಖನ ಬಹಳ ಹೆಸರು ಮಾಡಿದರೂ ಸೂಚ್ಯಂಕ ಏರುವುದಿಲ್ಲ, ನೋಡಿ.

ಒಂದು ಸೋಜಿಗ ಕೇಳಿ. 2014ರಲ್ಲಿ ನೇಚರ್ ಪತ್ರಿಕೆ ಎಣಿಸಿದಾಗ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖ ಪಡೆದದ್ದು 1951ರ ಒಂದು ಲೇಖನ: 3 ಲಕ್ಷಕ್ಕೂ ಹೆಚ್ಚು! ಅದು ಐನ್‌ಸ್ಟೈನರದ್ದಲ್ಲ. ಅಮೆರಿಕದ ಆಲಿವರ್ ಲೌರಿ ಮತ್ತು ಜೊತೆಗಾರರು ಪ್ರೋಟೀನನ್ನು ಅಳೆಯುವ ಬಗೆ ಹೇಳಿದ ಲೇಖನ ಅದು. ಅದೂ ಒಂದು ತಕ್ಕಡಿಯೇ! ಅದೇನೂ ಮಹಾ ಲೇಖನವಲ್ಲ ಎಂದು ಲೌರಿಯೇ ಒಪ್ಪಿಕೊಂಡಿದ್ದರು.

ಹಾಗಾದರೆ ಎಣಿಕೆಯೇ ಎಲ್ಲವೇ? ಮುಂಡರಗಿ ಕಡೆ ಹೋಗೋಣ. ಅಲ್ಲಿನ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಭೂಮಿಯೊಳಗಿನ ಕಲ್ಲಿನಿಂದ ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5 ತನಕ ನಡೆಯಬಹುದು ಎಂಬುದು ನಮ್ಮ ದೇಶದ ನಿಯಮ. ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದರೆ ಎಲುಬು ಕೀಲು ಬಿಗಿಯುತ್ತವೆ. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಅಳೆದರೆ ಮಾತ್ರ ಗೊತ್ತಾಗುತ್ತದೆ.

ಅಳೆಯುವ ಸುಲಭ ತಕ್ಕಡಿಯೊಂದನ್ನು 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬುವರು ಮಾಡಿಕೊಟ್ಟರು. ಲ್ಯಾಂಥನಮ್ ಫ್ಲೋರೈಡ್ ಹರಳಿನ ಆ ಎಲೆಕ್ಟ್ರೋಡು ಇಂದಿಗೂ ಪ್ರಯೋಗಾಲಯಗಳಲ್ಲಿದೆ. ಅದನ್ನು ಹಿಡಿದು ಒಂದು ಹಳ್ಳಿಯ ನೀರು ಅಳೆದು ಬರೆದ ವರದಿಯನ್ನು ಜಗತ್ತಿನಲ್ಲಿ ನಾಲ್ಕೇ ಮಂದಿ ಉಲ್ಲೇಖಿಸಬಹುದು. ಆದರೆ ಅದನ್ನು ನೋಡಿ ಆ ಊರಿನವರು ಬೇರೆ ನೀರಿಗೆ ಬಂದರೆ, ಶಾಲೆಯ ಮಕ್ಕಳ ಹಲ್ಲು ಉಳಿಯುತ್ತವೆ. ಆ ಲೆಕ್ಕ ಯಾವ ಸೂಚ್ಯಂಕದಲ್ಲೂ ಬರುವುದಿಲ್ಲ.

ಇನ್ನೊಂದು ಎಚ್ಚರ. ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿದರೂ, ಗೆಳೆಯರು ಪರಸ್ಪರ ಉಲ್ಲೇಖಿಸಿಕೊಂಡರೂ ಎಣಿಕೆ ಏರುತ್ತದೆ. ಆದ್ದರಿಂದ ಪುಟ್ಟಿ, ಉಲ್ಲೇಖ ಹೆಚ್ಚಿದ್ದರೆ ಆ ತಕ್ಕಡಿ ಬಹಳ ಮನೆಗೆ ಹೋಗಿದೆ ಎಂದು ತಿಳಿ. ಅದು ಸರಿಯಾಗಿ ತೂಗುತ್ತದೆಯೇ, ಯಾರಿಗೆ ನೆರವಾಯಿತು ಎಂಬುದನ್ನು ಬೇರೆಯಾಗಿಯೇ ಕೇಳಬೇಕು.

ಈ ವಾರದ ಕೆಲಸ: ನಿಮ್ಮೂರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಮನೆಯ ಹಿರಿಯರೊಡನೆ ಪಂಚಾಯಿತಿಗೆ ಅಥವಾ ನಗರಸಭೆಗೆ ಹೋಗಿ ಕೇಳಿ ಬನ್ನಿ. ಸಿಕ್ಕ ಅಂಕಿಯನ್ನು ನನಗೂ ಬರೆಯಿರಿ.